ಶನಿವಾರಕ್ಕೆ ಇಬ್ಬರು ಬೇಕು

"ನಿಮ್ಮಪ್ಪಂಗೆ ಹೇಳು, ಏಳೂ ನಲವತ್ತಕ್ಕೆ ಮನೆ ಬಾಗಿಲಿಗೇ ಬಸ್ ಬರುತ್ತೆ ಅಂತ," ಎಂದಳು ಅಮ್ಮ.

"ನಿಮ್ಮಮ್ಮಂಗೆ ಹೇಳು, ಬಸ್ಸು ಗಾಲ್ಫ್ ಕಲಿಸಲ್ಲ ಅಂತ," ಎಂದ ಅಪ್ಪ.

ಇಬ್ಬರೂ ಕೂತಿದ್ದದ್ದು ಗಾಲ್ಫ್ ಮೈದಾನದ ಅಂಚಿನ ಒಂದೇ ಬೆಂಚಿನ ಮೇಲೆ. ನಡುವೆ ಒಂಬತ್ತು ವರ್ಷದ ಮಗಳು ಬಟಾಣಿ. ಹುಟ್ಟಿದಾಗ ಅಷ್ಟೇ ಇದ್ದಳೆಂದು ಅಪ್ಪ ಇಟ್ಟ ಹೆಸರು. ಗಂಡ ಹೆಂಡತಿ ಬೇರೆ ಬೇರೆ ಮನೆ ಮಾಡಿ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಒಬ್ಬರ ಮಾತು ಇನ್ನೊಬ್ಬರನ್ನು ತಲುಪಬೇಕಾದರೆ ಈ ಹುಡುಗಿಯ ಬಾಯಿಂದಲೇ ಹಾದು ಬರಬೇಕು. ಪಕ್ಕದಲ್ಲೇ ಇದ್ದವರ ಕಿವಿಗೆ ಆಗಲೇ ಬಿದ್ದದ್ದನ್ನು ಅವಳೂ ಪಾಪ, ಚಾಚೂ ತಪ್ಪದೆ ಮತ್ತೆ ಒಪ್ಪಿಸುತ್ತಿದ್ದಳು. "ಅಪ್ಪಾ, ಏಳೂ ನಲವತ್ತಕ್ಕೆ ಬಸ್ ಬರುತ್ತಂತೆ. ಅಮ್ಮಾ, ಬಸ್ಸು ಗಾಲ್ಫ್ ಕಲಿಸಲ್ವಂತೆ."

ಶಾಲೆಯವರು ಒಂದು ದಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೇ ತಡ, ಹುಡುಗಿಗೆ ಅದರ ಹುಚ್ಚು ಹಿಡಿದಿತ್ತು. ಮನೆಯಲ್ಲಿ ಛತ್ರಿಯನ್ನು ತಲೆಕೆಳಗಾಗಿ ಹಿಡಿದು ಕಾಲುಚೀಲದ ಉಂಡೆಗಳನ್ನು ಸೋಫಾದ ಅಡಿಗೆ ಅಟ್ಟುತ್ತಿದ್ದಳು. ತರಬೇತಿಗೆ ಸೇರಿಸೋಣ ಎಂಬುದಕ್ಕೆ ಇಬ್ಬರೂ ಹೂಂ ಅಂದಿದ್ದರು. ಎಲ್ಲಿಗೆ ಎನ್ನುವಾಗ ಮತ್ತೆ ಎಣ್ಣೆ ಸೀಗೆಕಾಯಿ. ಅಪ್ಪ ಲಿಫ್ಟ್ ಮೆಕ್ಯಾನಿಕ್, ಯಂತ್ರವಿಲ್ಲದ ಕಡೆ ವಿದ್ಯೆಯಿದೆ ಎಂದರೆ ಜಪ್ಪಯ್ಯ ಅಂದರೂ ನಂಬುವವನಲ್ಲ. ಅವನ ಮನೆ ಹತ್ತಿರದ ತರಬೇತಿಯಲ್ಲಿ ಚೆಂಡಿನ ವೇಗ ತೋರಿಸುವ ದೊಡ್ಡ ಪರದೆ ಇತ್ತು. ಅಮ್ಮನದು ಔಷಧಿ ಅಂಗಡಿಯಲ್ಲಿ ಕೆಲಸ, ಹೊತ್ತಿಗೆ ಸರಿಯಾಗಿ ಆಗದ ಯಾವುದೂ ಅವಳ ಲೆಕ್ಕದಲ್ಲಿ ಆದಂತಲ್ಲ. ಅವಳ ಮನೆ ಹತ್ತಿರದ್ದಕ್ಕೆ ಬಸ್ಸಿತ್ತು. ನಿಜ ಹೇಳಬೇಕೆಂದರೆ ಈ ಜಗಳ ಪರದೆಯದೂ ಅಲ್ಲ, ಬಸ್ಸಿನದೂ ಅಲ್ಲ. ವಾರವೆಲ್ಲ ಶಾಲೆ, ಕೆಲಸ; ಮಗಳು ಇಬ್ಬರ ಕೈಗೂ ಸಿಗುವುದೇ ಶನಿವಾರ. ತರಬೇತಿ ಯಾರ ಮನೆ ಹತ್ತಿರವೋ ಶನಿವಾರ ಅವರದು. ಅದೂ ಹೋದರೆ ತನಗೆ ಉಳಿಯುವುದೇನು ಎಂದು ಅಪ್ಪನಿಗೆ ಒಂದು ವಾರದಿಂದ ಊಟ ಸೇರುತ್ತಿರಲಿಲ್ಲ. ಹೆಂಡತಿಗೂ ಹಾಗೇ ಆಗಿರಬಹುದೆಂಬುದು ಅವನಿಗೆ ಹೊಳೆದಿರಲಿಲ್ಲ.

ಈ ಮೂರನೆಯ ಜಾಗ ಇಬ್ಬರಲ್ಲಿ ಯಾರೂ ಆರಿಸಿದ್ದಲ್ಲ, ಮಗಳು ಹಟ ಹಿಡಿದು ಎಳೆತಂದದ್ದು. ಶಾಲೆಯವರು ಕರೆತಂದಿದ್ದ ಮೈದಾನ ಇದೇ. ತಗಡಿನ ಮಾಡಿನ ಒಂದು ಕೋಣೆ, ಒಂದು ನಲ್ಲಿ, ಬರೀ ಆರು ಗುಳಿಗಳ ಹುಲ್ಲುಗಾವಲು. ಅಪ್ಪ ಆಗಲೇ ಮನಸ್ಸಿನಲ್ಲಿ ಇದಕ್ಕೆ ಸೊನ್ನೆ ಹಾಕಿದ್ದ. ಅಷ್ಟರಲ್ಲಿ ಅಗಲ ಟೊಪ್ಪಿಯ, ಬಿಸಿಲಿಗೆ ಮೂಗು ಸುಲಿದಿದ್ದ ಕೋಚ್ ಮೇಡಂ ಬಂದು ನಿಂತೇ ಶುರುಮಾಡಿದರು.

"ಒಂದು ಗಂಟೆ ಅಭ್ಯಾಸ, ಆಮೇಲೆ ಆಟ. ಆಟದಲ್ಲಿ ಪ್ರತಿ ಮಗುವಿನ ಹಿಂದೆ ಇಬ್ರು ದೊಡ್ಡವರು ನಡೀಬೇಕು. ಒಬ್ರು ಬ್ಯಾಗ್ ಹೊರ್ಬೇಕು, ಇನ್ನೊಬ್ರು ಎಷ್ಟು ಹೊಡೆತ ಆಯ್ತು ಅಂತ ಕಾರ್ಡಲ್ಲಿ ಬರ್ಕೋಬೇಕು. ಮುಗಿಯೋ ತನಕ ಇಬ್ರೂ ತುಟಿ ಪಿಟಕ್ ಅನ್ನಂಗಿಲ್ಲ. ಕೈ ನೇರ ಇಡು, ಅಯ್ಯೋ ಹೋಯ್ತು, ಇದ್ಯಾವುದೂ ಬೇಡ. ಮಗೂಗೂ ಹೇಳಂಗಿಲ್ಲ, ನಿಮ್ಮ ನಿಮ್ಮಲ್ಲೂ ಮಾತಾಡಂಗಿಲ್ಲ."

"ಒಬ್ರೇ ಬಂದ್ರೆ?" ಎಂದು ಅಪ್ಪ ತಟ್ಟನೆ ಕೇಳಿದ.

"ಇನ್ನೊಂದಕ್ಕೆ ನಮ್ಮವರೇ ಯಾರಾದ್ರೂ ಬರ್ತಾರೆ. ಅದಕ್ಕೇನು ತೊಂದ್ರೆ ಇಲ್ಲ," ಎಂದು ಮೇಡಂ ಮಗಳ ಕೈಗೊಂದು ಗಿಡ್ಡ ಕೋಲು ಕೊಟ್ಟರು. "ಎಲ್ಲಿ, ಹೊಡಿ ನೋಡೋಣ."

ಮೊದಲನೆಯದು ಗಾಳಿಗೆ ಹೊಡೆದಂತಾಯಿತು. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಹಾರಿತು, ಚೆಂಡು ಅಲ್ಲೇ ಕೂತಿತ್ತು. "ಸೊಂಟ..." ಎಂದು ಅಪ್ಪ ಬಾಯಿ ತೆರೆದ; ಮೇಡಂ ಬೆರಳೆತ್ತಿದರು. ಅದೇ ಹೊತ್ತಿಗೆ ಹೆಂಡತಿಯೂ ಬಾಯಿ ತೆರೆದು ಮುಚ್ಚಿಕೊಂಡದ್ದು ಅವನ ಕಣ್ಣಿಗೆ ಬಿತ್ತು. ಮೂರನೆಯ ಹೊಡೆತಕ್ಕೆ ಟಕ್ ಎಂದು ಸದ್ದಾಯಿತು. ಚೆಂಡು ಹೆಚ್ಚೇನೂ ಏಳದೆ ಹೋಗಿ, ಉರುಳಿ, ನಲವತ್ತು ಹೆಜ್ಜೆ ಆಚೆ ನಿಂತಿತು. ಅಪ್ಪ ಎದ್ದು ನಿಂತಿದ್ದ. ಪಕ್ಕಕ್ಕೆ ನೋಡಿದರೆ ಅವಳೂ ಎದ್ದು ನಿಂತಿದ್ದಳು, ಎರಡೂ ಕೈ ಬಾಯಿ ಮೇಲೆ. ಅವನಿಗೆ ಬಹಳ ಖುಷಿಯಾಯಿತು, ಅದನ್ನು ಹೇಳಿಕೊಳ್ಳಲು ಅಲ್ಲಿ ಇದ್ದದ್ದು ಅವಳೊಬ್ಬಳೇ.

ಮಗಳು ಓಡಿಬಂದಳು. ಅಪ್ಪ ಮೊಣಕಾಲೂರಿ ಕೂತ. "ಇಲ್ಲಿ ಪರದೆ ಇಲ್ಲ, ಬಸ್ಸೂ ಇಲ್ಲ. ನಿಂಗೆ ಇದೇ ಯಾಕೆ ಬೇಕು ಬಟಾಣಿ?"

"ಅಲ್ಲೆಲ್ಲ ಒಬ್ರು ಬಂದ್ರೆ ಸಾಕು. ಇಲ್ಲಿ ಇಬ್ರಿಗೂ ಕೆಲ್ಸ ಇದೆ, ಸ್ಕೂಲಿಂದ ಬಂದಾಗ್ಲೇ ಮೇಡಂ ಹೇಳಿದ್ರು," ಎಂದಳು, ಕೋಲಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತ. "ಆಮೇಲೆ ಇಬ್ರೂ ಮಾತಾಡಂಗಿಲ್ವಲ್ಲ, ಅಷ್ಟು ಹೊತ್ತು ನಾನು ಯಾರಿಗೂ ಏನೂ ಹೇಳೋದಿರಲ್ಲ."

ದೂರಿನ ದನಿಯೇನಲ್ಲ ಅದು. ಇಲ್ಲಿ ನೆರಳು ಚೆನ್ನಾಗಿದೆ ಎನ್ನುವ ಹಾಗೆ ಹೇಳಿದ್ದಳು. ಮೇಡಂ ತಂದುಕೊಟ್ಟ ಅರ್ಜಿಯಲ್ಲಿ ಮಗಳ ಹೆಸರಿನ ಕೆಳಗೆ ಎರಡು ಗೆರೆಗಳಿದ್ದವು, ಬ್ಯಾಗಿಗೊಂದು, ಕಾರ್ಡಿಗೊಂದು. ಮೊದಲ ಗೆರೆಯ ಮೇಲೆ ಪೆನ್ನಿಟ್ಟ ಅಪ್ಪ ಬರೆಯದೆ ನಿಂತ. ಮಗಳ ತಲೆಯ ಮೇಲಿಂದ ಆಚೆ ನೋಡುತ್ತ, "ಬ್ಯಾಗ್ ನೀನು ಹೊರ್ತೀಯಾ, ನಾನು ಹೊರ್ಲಾ?" ಎಂದ.

ಮಗಳು ರೂಢಿಯಂತೆ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ಬ್ಯಾಗ್..."

ಅಮ್ಮ ಅವಳ ಬಾಯಿ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಇರು ಮರಿ. ನಂಗೆ ಕೇಳಿಸ್ತು."