ವ್ಯತ್ಯಾಸ ಬರೆಯಿರಿ

ಅಂಕಪಟ್ಟಿ ಹಿಡಿದುಕೊಂಡು ಹುಡುಗಿ ನೇರವಾಗಿ ಸ್ಟಾಫ್ ರೂಮಿಗೇ ನುಗ್ಗಿದಳು. ಸಾಹಿತ್ಯದಲ್ಲಿ ಐವತ್ತೆರಡು. ಅರವತ್ತು ಬಾರದಿದ್ದರೆ ಮುಂದಿನ ಓದಿಗೆ ಸೀಟಿಲ್ಲ.

"ಎಲ್ಲಿ ತಪ್ಪು ಮಾಡಿದೀನಿ, ಹೇಳಿ ಸರ್."

ಮೇಷ್ಟ್ರು ಮೂಲೆಯ ಕ್ಯಾಮೆರಾ ಕಡೆ ನೋಡಲಿಲ್ಲ. ನೋಡಿದರೆ ಅದೂ ದಾಖಲಾಗುತ್ತದೆ. "ಕೈ ತೊಳೀಬೇಕು, ಬಾ," ಎಂದು ಹೊರಗಿನ ನಲ್ಲಿಯ ಹತ್ತಿರ ಕರೆದೊಯ್ದು ನೀರನ್ನು ಜೋರಾಗಿ ಬಿಟ್ಟರು.

ಪ್ರಶ್ನೆ ಸುಲಭದ್ದೇ. ಪಠ್ಯಕ್ಕಿದ್ದದ್ದು ಒಂದು ಹಳೆಯ ಕಾದಂಬರಿ. ಅದರಲ್ಲಿ ಸರ್ಕಾರ ಮನೆಮನೆಗೂ ಕದ್ದು ಕೇಳುವವನೊಬ್ಬನನ್ನು ನೇಮಿಸುತ್ತದೆ. ಆ ಸರ್ಕಾರಕ್ಕೂ ನಮ್ಮ ಸರ್ಕಾರಕ್ಕೂ ಇರುವ ವ್ಯತ್ಯಾಸಗಳನ್ನು ಬರೆಯಬೇಕಿತ್ತು. ಗೈಡಿನಲ್ಲಿ ಹನ್ನೆರಡು ವ್ಯತ್ಯಾಸಗಳಿದ್ದವು, ತರಗತಿಯವರೆಲ್ಲ ಕಣ್ಣು ಮುಚ್ಚಿಕೊಂಡು ಅವನ್ನೇ ಇಳಿಸಿದ್ದರು. ಇವಳೊಬ್ಬಳು ಕಾದಂಬರಿ ಓದಿ ತಲೆ ಓಡಿಸಿದ್ದಳು: 'ಅಲ್ಲಿ ಕದ್ದು ಕೇಳುವವನಿಗೆ ಭಾನುವಾರ ರಜೆ, ಇಲ್ಲಿ ರಜೆಯೇ ಇಲ್ಲ. ಅಲ್ಲಿ ನಿಷೇಧಿಸಿದ ಪುಸ್ತಕಗಳ ಹೆಸರನ್ನು ಚೌಕದ ಗೋಡೆಗೆ ಅಂಟಿಸುತ್ತಾರೆ, ಯಾವುದನ್ನು ಹುಡುಕಬೇಕೆಂದು ಜನರಿಗೆ ತಿಳಿಯುತ್ತದೆ. ಇಲ್ಲಿ ಸ್ಟಾಕ್ ಇಲ್ಲ ಎನ್ನುತ್ತಾರೆ.' ಇಪ್ಪತ್ತು ವರ್ಷದಿಂದ ಗೈಡಿನ ಸಾಲುಗಳನ್ನೇ ತಿದ್ದಿ ತಿದ್ದಿ ರೋಸಿಹೋಗಿದ್ದ ಮೇಷ್ಟ್ರಿಗೆ ಓದುತ್ತ ಓದುತ್ತ ಕಣ್ಣು ತುಂಬಿ ಬಂದಿತ್ತು. ಆಮೇಲೆ ಐವತ್ತೆರಡು ಹಾಕಿದ್ದರು.

"ತಪ್ಪೇನೂ ಇಲ್ಲಮ್ಮ. ಅರವತ್ತು ಮುಟ್ಟಿದ ಪತ್ರಿಕೆಯೆಲ್ಲ ಸರ್ಕಾರದ ಸಮಿತಿ ಮುಂದೆ ಹೋಗುತ್ತೆ. ಫೇಲಾದದ್ದೂ ಹೋಗುತ್ತೆ. ನಡುವಿನದನ್ನ ಯಾರೂ ಮೂಸಿ ಕೂಡ ನೋಡಲ್ಲ."

"ಅದಕ್ಕೆ ನನ್ನ ಸೀಟು ಹೋಗ್ಬೇಕಾ?"

"ಸೀಟು ಮುಂದಿನ ವರ್ಷವೂ ಸಿಗುತ್ತೆ. ಹೋದ ವರ್ಷ ಹೀಗೇ ಬರೆದನಲ್ಲ, ಆ ಹುಡುಗನ ಹೆಸರು ಈಗ ಹಾಜರಿ ಪುಸ್ತಕದಲ್ಲೂ ಇಲ್ಲ. ಅವರಮ್ಮ ಇನ್ನೂ ಕಚೇರಿಯಿಂದ ಕಚೇರಿಗೆ ಅಲೀತಿದಾರೆ."

ಹುಡುಗಿ "ನೀರು ಪೋಲಾಗ್ತಿದೆ ಸರ್," ಎಂದು ತಾನೇ ನಲ್ಲಿ ನಿಲ್ಲಿಸಿ ಹೊರಟುಹೋದಳು. ಮಾರನೆಯ ದಿನವೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದಳು.

ಮೂರು ವಾರ ಮೇಷ್ಟ್ರಿಗೆ ಊಟ ಸೇರಲಿಲ್ಲ. ಪತ್ರಿಕೆ ಹೋದದ್ದು ಬೇರೆ ಊರಿನ, ಗುರುತು ಪರಿಚಯವಿಲ್ಲದ ಪರೀಕ್ಷಕರಿಗೆ. ಅವರು ಮೆಚ್ಚಿ ಎಂಬತ್ತು ಹಾಕಿದರೂ ಕಷ್ಟ, ಸಿಟ್ಟಾಗಿ ಮೇಲಿನವರಿಗೆ ಒಂದು ಚೀಟಿ ಬರೆದರೂ ಕಷ್ಟ. ಕಾರಿಡಾರಿನಲ್ಲಿ ಬೂಟಿನ ಸದ್ದಾದರೆ ಸಾಕು, ಪಾಠ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು.

ನಾಲ್ಕನೆಯ ವಾರ ಹುಡುಗಿಯೇ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ವಾಪಸಾದ ಉತ್ತರಪತ್ರಿಕೆ. ಐವತ್ತಮೂರು. ಸೀಟು ಹೋದಂತೆಯೇ.

ಮೇಷ್ಟ್ರು ಗಡಿಬಿಡಿಯಲ್ಲಿ ಪುಟ ತಿರುವಿದರು. ಹತ್ತು ಪುಟ ಅಚ್ಚುಕಟ್ಟಾಗಿದ್ದವು. ಹನ್ನೊಂದನೆಯದರ ಮೇಲೆ ಚಹಾ ಚೆಲ್ಲಿತ್ತು. ಅದೂ ಎಂಥ ಚೆಲ್ಲುವಿಕೆ! ಪುಟದ ಮೇಲರ್ಧದಲ್ಲಿದ್ದ ಬೇರೆ ಉತ್ತರಕ್ಕೆ ಒಂದು ಹನಿಯೂ ಸಿಡಿದಿರಲಿಲ್ಲ. ವ್ಯತ್ಯಾಸದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮಾತ್ರ ಶಾಯಿ ಕದಡಿ ಒಂದಕ್ಷರವೂ ಉಳಿದಿರಲಿಲ್ಲ. ಪಕ್ಕದಲ್ಲಿ ಕೆಂಪು ಅಕ್ಷರ: 'ಪರೀಕ್ಷಕರ ಕೈತಪ್ಪಿನಿಂದ ಆದದ್ದು.'

ಯಾರೋ ಪುಣ್ಯಾತ್ಮರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಬದುಕಿಕೊಂಡೆಯಮ್ಮ!" ಎಂದರು, ಕ್ಯಾಮೆರಾ ಇರುವುದನ್ನೂ ಮರೆತು.

ಹುಡುಗಿ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಸಾಲುಗಳನ್ನು ಹುಡುಕಿದಳು. ಒಂದೂ ಸಿಗಲಿಲ್ಲ.

"ಒಂದು ವ್ಯತ್ಯಾಸ ಬರೆಯೋದು ಬಿಟ್ಟುಹೋಗಿತ್ತು ಸರ್," ಎಂದಳು. "ಕಾದಂಬರಿಯಲ್ಲಿ ಅಳಿಸೋರೆಲ್ಲ ಕೆಟ್ಟವರು."