ಉಪವಾಸದ ಕೈ

ಸಿರಿಂಜನ್ನು ಅಂಗೈಯಲ್ಲಿ ಒಂದು ನಿಮಿಷ ಹಿಡಿದರೆ, ಒಳಗಿನ ಮದ್ದು ರೋಗಿಗೆ ಏನು ಮಾಡುವುದೋ ಅದು ಮೊದಲು ನರ್ಸಿನ ಮೈಗೆ ತಿಳಿಯುವ ಕಾಲವದು. ಅದಕ್ಕೇ ಡ್ಯೂಟಿಯ ದಿನ ಉಪವಾಸ ಕೂಡದೆಂಬುದು ವಾರ್ಡಿನ ಕಟ್ಟಳೆ. ಶ್ರಾವಣ ಸೋಮವಾರವೆಂದು ನೀಲಗಂಗಾ ಅದನ್ನು ಗುಟ್ಟಾಗಿ ಮೀರಿದ್ದಳು.

ಮಹಾಂತಪ್ಪನ ಊಟಕ್ಕೆ ಮುಂಚಿನ ಇನ್ಸುಲಿನ್ ಹಿಡಿದಾಗ ಅವಳ ಕೈ ನಡುಗಿತು, ಕಣ್ಣಿಗೆ ಕತ್ತಲೆ ಬಂತು. ಮದ್ದು ಹೆಚ್ಚಾಗಿದ್ದಕ್ಕೋ, ತನ್ನ ಹೊಟ್ಟೆ ಬರಿದಾಗಿದ್ದಕ್ಕೋ? ತಿಳಿಯದೆ ಚುಚ್ಚಿದರೆ ಮುದುಕ ಕಣ್ಣು ತೆರೆಯದೇ ಹೋಗಬಹುದು.

"ಯಾಕವ್ವಾ, ಸೂಜಿ ನನಗೋ ನಿನಗೋ?" ಎಂದ ಮಹಾಂತಪ್ಪ.

ಅವಳು ಸಿರಿಂಜನ್ನು ಟ್ರೇಯಲ್ಲಿಟ್ಟಳು. "ಅಜ್ಜಾ, ನಿನ್ನ ತಾಟಿನ್ಯಾಗಿಂದು ಅರ್ಧ ರೊಟ್ಟಿ ಕೊಡು."

"ಇವತ್ತು ಸೋಮವಾರ ಅಲ್ಲೇನು?"

"ಹೌದು. ಶಿವ ತಡಕೋತಾನ. ನೀ ತಡಕೊಳ್ಳಂಗಿಲ್ಲ."

ಮನಸ್ಸಿನಲ್ಲೇ ಕೈಮುಗಿದು ತಿಂದಳು. ನಡುಕ ಪೂರ್ತಿ ನಿಲ್ಲುವವರೆಗೆ ಕಾದು ಸಿರಿಂಜನ್ನು ಮತ್ತೆ ಕೈಗೆತ್ತಿಕೊಂಡಳು. ಬೆರಳು ಗಡಗಡ ನಡುಗಿದವು, ಹಣೆಯಲ್ಲಿ ಬೆವರೊಡೆಯಿತು.

"ಅಕ್ಕಾರ," ಎಂದು ಹೆಡ್ ನರ್ಸನ್ನು ಕರೆದಳು. "ಈ ಡೋಸು ಹೆಚ್ಚಾಗೇದ. ನಾನೂ ಉಪವಾಸ ಬಂದಿದ್ದೆ. ಎರಡೂ ಬರಕೋರಿ."