ಕಸ್ತೂರಕ್ಕ ಕೊಟ್ಟ ಹೆಪ್ಪು

ಗಂಡನ ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆರೆದೆ. ಪಾತ್ರೆಯ ಹಿಂದೆ ಆ ಸೀಸೆ ಇತ್ತು. ಅವರ ಕಾಲಿನ ಹುಣ್ಣು ಮಾಯಲೆಂದು ಪಕ್ಕದ ಮನೆಯ ಕಸ್ತೂರಕ್ಕ, ಮೊಸರಿಗೆ ಹೆಪ್ಪು ಕೊಡುವಂತೆ, ಜೀವಕೋಶಗಳಿಗೆ ಶಕ್ತಿ ಕೊಡುವ ತನ್ನ ಮೈಟೊಕಾಂಡ್ರಿಯವನ್ನು ಅದರಲ್ಲಿ ಕೊಟ್ಟಿದ್ದಳು. ಅರ್ಧ ಉಳಿದಿತ್ತು, ಮಧ್ಯಾಹ್ನದೊಳಗೆ ಮೈಗೆ ಸೇರದಿದ್ದರೆ ಸಾಯುತ್ತದೆ. ಕೊಟ್ಟ ದಿನದಿಂದ ಅವಳ ಕೂದಲು ನೆರೆತಿದೆ, ಈಳಿಗೆ ತಗುಲಿದ ಅಂಗೈ ಮಾಯದೆ ಕೀವುಗಟ್ಟಿದೆ.

"ಸೂತಕದಾಗ ಮನ್ಯಾಗಿಂದು ಏನೂ ಹೊರಗ ಕೊಡಬಾರದವಾ. ಹದಿಮೂರು ದಿನ ತಡಿ." ಸೀಸೆ ಮರಳಿಸಲು ಹೊರಟ ನನಗೆ ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು.

"ಅಷ್ಟೊತ್ತಿಗೆ ಅಕ್ಕನ ಕೈ ಉಳಿಯೂದಿಲ್ರೀ."

ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದೆ.

"ಅರ್ಧ ಯಾಕ ಉಳೀತು?" ಕಸ್ತೂರಕ್ಕ ಸೀಸೆ ನೋಡಿ ಕೇಳಿದಳು. "ಪೂರಾ ಹಾಕಿದ್ರ ಬದುಕತಿದ್ದನೇನವಾ!"

"ನಿನ್ನ ಕೈ ನೋಡಿ ಅವರೇ ಬ್ಯಾಡ ಅಂದ್ರು, ಅಕ್ಕಾ."

ಗಾಯವಿಲ್ಲದ ಅವಳ ಇನ್ನೊಂದು ಕೈಯಲ್ಲಿ ಸೀಸೆ ಇಟ್ಟೆ.